ಸೋರದ ಮಾಳಿಗೆ

ನಮ್ಮ ಮನೆ ಸೋರುತ್ತಿರಲಿಲ್ಲ. ಬಸವಕಲ್ಯಾಣದ ಕಿಲ್ಲೆಯ ಹಿಂದಿನ ನಮ್ಮ ಗಲ್ಲಿಯಲ್ಲಿ ಮಳೆಗಾಲ ಬಂತೆಂದರೆ ಮನೆಮನೆಯಲ್ಲೂ ಬೋಗುಣಿ, ತಪ್ಪಲೆ, ಕೊಡಗಳು ನೆಲದ ತುಂಬ ಹರಡಿಕೊಂಡು ಹನಿ ಹಿಡಿಯುತ್ತ ಕೂತಿರುತ್ತಿದ್ದವು. ನಮ್ಮ ಮನೆಯಲ್ಲಿ ಮಾತ್ರ ಪಾತ್ರೆಗಳು ತಮ್ಮ ತಮ್ಮ ಜಾಗ ಬಿಟ್ಟು ಕದಲುತ್ತಿರಲಿಲ್ಲ. ನಮಗೆ ಹೊಲ ಇರಲಿಲ್ಲ, ಬಾವಿ ಇರಲಿಲ್ಲ, ನನ್ನ ಹಿಂದೆ ಮುಂದೆ ಓದಿದವರು ಯಾರೂ ಇರಲಿಲ್ಲ. ಒಣಗಿದ ನೆಲ ಒಂದಿತ್ತು. ಜೋರು ಮಳೆ ಹಿಡಿದಾಗ ಅಕ್ಕಪಕ್ಕದವರು ಹಿಟ್ಟಿನ ಡಬ್ಬಿ, ಹಾಸಿಗೆ, ಎಳೆಗೂಸು ಇಷ್ಟನ್ನು ತಂದು ನಮ್ಮ ನಡುಮನೆಯಲ್ಲಿ ಇಡುತ್ತಿದ್ದರು. ಆಗ ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ, ಬೀಡಿ ಹಚ್ಚಿಕೊಂಡು, ಏನೂ ಅರಿಯದವನ ಹಾಗೆ ಹೊರಗಿನ ಮಳೆ ನೋಡುತ್ತ ಕೂತಿರುತ್ತಿದ್ದ. ಅವನ ಮುಖದಲ್ಲಿ ನಗು ಇರುತ್ತಿರಲಿಲ್ಲ. ಬೀಡಿ ಹಿಡಿದ ಕೈಯಲ್ಲಿ ಇರುತ್ತಿತ್ತು.

ಈಗಿನ ಮಕ್ಕಳಿಗೆ ಮಣ್ಣಿನ ಮಾಳಿಗೆ ಎಂದರೆ ತಿಳಿಯಲಿಕ್ಕಿಲ್ಲ. ಕಲ್ಲಿನ ಗೋಡೆಗಳ ಮೇಲೆ ಒಂದು ದಪ್ಪ ತೊಲೆ, ಅದರ ಮೇಲೆ ಅಡ್ಡಡ್ಡ ಜಂತಿಗಳು, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ ಮತ್ತು ಬೇವಿನ ತಪ್ಪಲು, ಅದರ ಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಬಿಳಿಮಣ್ಣು. ಇದು ಎಲ್ಲ ಕಡೆ ಸಿಗುವುದಿಲ್ಲ. ಎಂದೋ ಜನ ಬಿಟ್ಟುಹೋದ ಹಾಳೂರಿನ ದಿಬ್ಬಗಳಲ್ಲಿ ಅಗೆದರೆ ಸಿಗುತ್ತದೆ. ಮಳೆ ಬಿದ್ದೊಡನೆ ಬೆಣ್ಣೆಯಂತಾಗಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ, ಕೆಳಗೆ ಹನಿ ಬಿಡುವುದಿಲ್ಲ. ವರ್ಷಕ್ಕೊಮ್ಮೆ, ಬೇಸಿಗೆ ಮುಗಿಯುವ ಹೊತ್ತಿಗೆ, ಹೊಸ ಬಿಳಿಮಣ್ಣು ಹಾಕಿ ತುಳಿಯಬೇಕು. ಉಳಿದ ದಿನ ಕೂಲಿಗೆ ಹೋಗುತ್ತಿದ್ದ ಅಪ್ಪನಿಗೆ ಆ ಒಂದು ಕಾಲದಲ್ಲಿ ಮಾತ್ರ ಊರಲ್ಲಿ ಬೆಲೆ. ಮಂಠಾಳದಿಂದಲೂ ಕರೆ ಬರುತ್ತಿತ್ತು. ಅಂಗೈಯಲ್ಲಿ ಮಣ್ಣು ಹಿಸುಕಿ, ನಾಲಿಗೆಗೆ ಹಚ್ಚಿ, ಉಗುಳಿ, ಇದು ಬೇಡ ಅದು ತನ್ನಿ ಎಂದು ದೊಡ್ಡ ದೊಡ್ಡ ಸಾವುಕಾರರಿಗೆ ಹೇಳುತ್ತಿದ್ದ. ಅವರು ಕೇಳುತ್ತಿದ್ದರು. ಆದರೆ ಯಾವ ದೇವರ ಕೋಣೆಯ ಹೊಸ್ತಿಲನ್ನು ದಾಟಲು ಅವನಿಗೆ ಅಪ್ಪಣೆ ಇರಲಿಲ್ಲವೋ ಅದೇ ಕೋಣೆಯ ನೆತ್ತಿಯ ಮೇಲೆ ಅವನು ದಿನವಿಡೀ ಓಡಾಡುತ್ತಿದ್ದ. ಕೆಳಗಿಳಿದು ನೀರು ಕೇಳಿದರೆ ಅಂಗಳದಲ್ಲಿ ನಿಲ್ಲಿಸಿ, ಎತ್ತರದಿಂದ ಬೊಗಸೆಗೆ ಸುರಿಯುತ್ತಿದ್ದರು.

ನಮ್ಮ ಮನೆಯ ಮಾಳಿಗೆಯ ಸರದಿ ಕೊನೆಗೆ ಬರುತ್ತಿತ್ತು. ಅದು ನಮಗೆ ಹಬ್ಬವೇ. ಅವ್ವ ನಸುಕಿನಲ್ಲೇ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಶೇಂಗಾ ಹಿಂಡಿ ಕುಟ್ಟಿ ಬುಟ್ಟಿಗೆ ಕಟ್ಟುತ್ತಿದ್ದಳು. ಅಂದು ಊಟ ಮಾಳಿಗೆಯ ಮೇಲೆಯೇ. ಅಕ್ಕ ಕಸ್ತೂರಿ ಮಣ್ಣಿನ ಬುಟ್ಟಿ ಹೊತ್ತು ಏಣಿ ಹತ್ತುವಳು, ನಾನು ನೀರು ಚಿಮುಕಿಸುವವಳು, ಅಪ್ಪ ತುಳಿಯುವವನು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ, ಸೊಂಟಕ್ಕೆ ಕೈ ಕೊಟ್ಟು, ಗೋಡೆಯಿಂದ ಗೋಡೆಗೆ ಅವನು ನಡೆಯುವುದನ್ನು ಅಕ್ಕ ಅವನ ಬೆನ್ನ ಹಿಂದೆಯೇ ಅಣಕಿಸುತ್ತಿದ್ದಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅಪ್ಪ ತಿರುಗಿ ನೋಡಿದರೆ ಅಕ್ಕ ಗಂಭೀರವಾಗಿ ಬುಟ್ಟಿ ಝಾಡಿಸುತ್ತಿದ್ದಳು. ಕೆಲಸ ಮುಗಿದ ಮೇಲೆ ಪರೀಕ್ಷೆ. ನಾವೆಲ್ಲ ಕೆಳಗಿಳಿದು ನಡುಮನೆಯಲ್ಲಿ ಅಂಗಾತ ಮಲಗಿ ಜಂತಿ ನೋಡಬೇಕು. ಅಪ್ಪ ಮೇಲೆ ಕೊಡಗಟ್ಟಲೆ ನೀರು ಸುರಿದು, ಬೆಳಕಿಂಡಿಗೆ ಬಾಯಿ ಹಚ್ಚಿ ಕೂಗುತ್ತಿದ್ದ.

"ಬಂತೇನ?"

"ಇಲ್ಲಪ್ಪಾ!"

"ಆಯೀ, ನಿನಗ?"

ಆಯಿ ಅಪ್ಪನ ತಾಯಿ. ಕಣ್ಣು ಮಂಜಾಗಿದ್ದವು. ಜಂತಿ ಕಾಣದಿದ್ದರೂ ಅಂಗೈ ಮೇಲೆ ಚಾಚಿ ಮಲಗಿರುತ್ತಿದ್ದಳು.

"ನನ್ನ ಕೈ ಒಣಗ್ಯಾದೋ ಘಾಳೆಪ್ಪಾ. ಜರಾ ತಂಬಾಕಿನರ ಹಾಕು ಅದರಾಗ."

ಹೀಗೆ ನಗುನಗುತ್ತ ನಾವು ವರ್ಷ ವರ್ಷವೂ ನಮ್ಮ ತಲೆಯ ಮೇಲೆ ಮಣ್ಣು ಪೇರಿಸಿದೆವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಮಾತು ಇದರಲ್ಲೇ ಇದೆ. ಹೊಸ ಮಣ್ಣು ಹಾಕುವವರು ಕೆಲವು ವರ್ಷಕ್ಕೊಮ್ಮೆ ಹಳೆಯದನ್ನು ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಭಾರ ಏರುತ್ತಲೇ ಹೋಗುತ್ತದೆ. ಇದು ಅಪ್ಪನಿಗೆ ಗೊತ್ತಿರಲಿಲ್ಲವೇ? ಊರಿಗೆಲ್ಲ ಹೇಳುತ್ತಿದ್ದವನೇ ಅವನು. ಒಬ್ಬ ಸಾವುಕಾರರ ಅಂಗಳದಲ್ಲಿ ಅವನು ಬುಟ್ಟಿ ಕೆಳಗಿಟ್ಟು ಮಾತಾಡಿದ್ದನ್ನು ನಾನೇ ಕೇಳಿದ್ದೇನೆ.

"ಹಳೀ ಮಣ್ಣ ತೆಗೀದೇ ನಾ ಹೊಸಾದು ಹಾಕಾಂಗಿಲ್ರಿ ಸಾವ್ಕಾರ್ರೇ. ತೊಲಿಗೂ ಜೀವ ಇರ್ತದ್ರಿ. ಎಷ್ಟಂತ ಹೊರ್ತದ ಅದು?"

ನಮ್ಮ ಮನೆಯ ಮಾತು ಬಂದಾಗ ಮಾತ್ರ ಅವನ ಲೆಕ್ಕ ಬೇರೆ. ತಳದ ಮಣ್ಣು ಅವನ ಅಪ್ಪ ತುಳಿದದ್ದು. ಅದರ ಮೇಲಿನದು ಅವನು ಮದುವೆಯಾದ ವರ್ಷದ್ದು, ಅದರ ಮೇಲೆ ಅಕ್ಕ ಹುಟ್ಟಿದ ವರ್ಷದ್ದು. ಕೆರೆಯುವುದೆಂದರೆ ಅವನಿಗೆ ಚರ್ಮ ಸುಲಿದ ಹಾಗೆ. ಅದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದಿತ್ತು. ಹಳೆಯದನ್ನು ತೆಗೆದು ಹೊಸದು ಹಾಕಿ ಒಣಗುವತನಕ ಮಾಳಿಗೆ ಬರಿಮೈಯಲ್ಲಿರುತ್ತದೆ. ಆ ನಡುವೆ ಒಂದು ಅಕಾಲದ ಮಳೆ ಬಿದ್ದರೆ? ಘಾಳೆಪ್ಪನ ಮನೆ ಸೋರಿತು ಎಂದು ಯಾರಾದರೂ ಒಬ್ಬರು ಅಂದರೆ? ಅವ್ವ ಪ್ರತಿ ಬೇಸಿಗೆಯಲ್ಲೂ ಜಗಳ ತೆಗೆಯುತ್ತಿದ್ದಳು.

"ಊರ ಮಂದಿಗಿ ಬುದ್ಧಿ ಹೇಳ್ತೀರಿ. ಮನಿಗಿ ಬಂದ್ರ ನಿಮ್ಮ ಕಿವಿಗಿ ನಿಮ್ಮ ಮಾತೇ ಕೇಳ್ಸಾಂಗಿಲ್ಲ."

"ಮುಂದಿನ ವರ್ಷ ನೋಡೋಣು."

"ಆ ಮುಂದಿನ ವರ್ಷ ಎಲ್ಲಿ ಕುಂತದೋ ಏನೋ, ಬರಾಕ ದಾರಿನೇ ಸಿಗವಲ್ದು ಅದಕ್ಕ."

ಒಂದು ಮಳೆಗಾಲದಲ್ಲಿ, ನಾನು ಐದನೆಯದೋ ಆರನೆಯದೋ ಓದುತ್ತಿದ್ದಾಗ, ಮೇಲಿನ ಓಣಿಯ ಒಬ್ಬ ದೊಡ್ಡ ಮನೆಯ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ಬರುವಾಗ ಮಳೆಗೆ ಸಿಕ್ಕು ನಮ್ಮ ಬಾಗಿಲಲ್ಲಿ ನಿಂತಳು. ಹೊರಗೆ ನಿಂತರೆ ಕೂಸು ತೊಯ್ಯುತ್ತದೆ, ಒಳಗೆ ಬಂದರೆ ಮನೆಯವರು ಏನನ್ನುತ್ತಾರೋ. ಬಹಳ ಹೊತ್ತು ಹೊಸ್ತಿಲ ಮೇಲೆ ಒಂದು ಕಾಲು ಇಟ್ಟು ನಿಂತು, ಕೊನೆಗೆ ಒಳಗೆ ಬಂದು ನಮ್ಮ ಚಾಪೆಯ ತುದಿಗೆ ಕೂತಳು. ಮೇಲೆ ನೋಡಿ, "ಒಂದು ಹನಿನೂ ಇಲ್ಲಲ್ಲಾ" ಅಂದಳು. ಅಷ್ಟೇ. ಅವಳು ಹೋದ ಮೇಲೂ ಅಪ್ಪ ಆ ಚಾಪೆಯನ್ನು ಮಡಚಲು ಬಿಡಲಿಲ್ಲ. ಅವನು ಆ ಮಾಳಿಗೆಯನ್ನು ಯಾಕೆ ಮುಟ್ಟಗೊಡಲಿಲ್ಲ ಎಂದು ಕೇಳಿದವರಿಗೆ ನಾನು ಈ ಚಾಪೆಯ ಮಾತನ್ನೇ ಹೇಳುತ್ತೇನೆ. ತನ್ನನ್ನು ಒಳಗೆ ಕರೆಯದ ಊರು ತನ್ನ ಸೂರಿನ ಕೆಳಗೆ ಬಂದು ಕೂತದ್ದನ್ನು ಅವನು ಒಮ್ಮೆ ಕಂಡಿದ್ದ.

ತೊಲೆ ಬಾಗಿದ್ದನ್ನು ಮೊದಲು ಹೇಳಿದವನು ಮಾಮಾ. ಅವ್ವನ ತಮ್ಮ ವೈಜನಾಥ, ಹುಮನಾಬಾದಿನಲ್ಲಿ ಟೆಂಪೊ ಓಡಿಸುತ್ತಿದ್ದ, ಹೊಸದಾಗಿ ಸ್ಲ್ಯಾಬಿನ ಮನೆ ಕಟ್ಟಿಸಿದ್ದ. ಅಪ್ಪನಿಗೂ ಅವನಿಗೂ ಮನೆಯ ಮಾತು ಬಂತೆಂದರೆ ಹಗ್ಗಜಗ್ಗಾಟ. ಸಿಮೆಂಟಿನ ಮನೆ ಬೇಸಿಗೆಯಲ್ಲಿ ತಂದೂರಿ ಭಟ್ಟಿ ಎಂದು ಇವನು, ಮಣ್ಣಿನ ಮನೆ ಇಲಿಯ ಮಾವನ ಮನೆ ಎಂದು ಅವನು. ಒಂದು ಸಲ ಬಂದವನು ನಡುಮನೆಯಲ್ಲಿ ಎದ್ದು ನಿಂತು ಕೈ ಮೇಲೆತ್ತಿ ತೊಲೆ ಮುಟ್ಟಿ ನೋಡಿದ.

"ಭಾವಾ, ಮೊದ್ಲು ಈ ತೊಲಿ ನನ್ನ ಕೈಗಿ ನಿಲುಕ್ತಿರ್ಲಿಲ್ಲ."

"ನೀ ಬೆಳದೀ."

"ಈ ವಯಸ್ಸಿಗಿ ಯಾರರ ಬೆಳೀತಾರೇನ್ರಿ? ಹೊಟ್ಟಿ ಬೆಳದದ, ನಾ ಬೆಳದಿಲ್ಲ."

ಎಲ್ಲರೂ ನಕ್ಕೆವು. ಅಪ್ಪನೂ ನಕ್ಕ. ಆದರೆ ಮಾಮಾ ನಗಲಿಲ್ಲ.

"ಹಾಸ್ಯ ಅಲ್ರಿ ಭಾವಾ. ಹಳೀ ಮಣ್ಣ ತೆಗೀತೀರೋ ಇಲ್ಲೋ ನಿಮ್ಮ ಮರ್ಜಿ. ನಡೂಕ ಒಂದು ಟೇಕಾನರ ಕೊಡ್ರಿ. ಕಂಬ ನಾ ತರ್ತೀನಿ, ಟೆಂಪೊದಾಗ ಹಾಕ್ಕೊಂಡು."

"ಟೇಕಾ ಕೊಟ್ಟ ಮನಿ ಅಂದ್ರ ಬೀಳೋ ಮನಿ. ನಾಳಿ ಮಂದಿ ಏನಂತಾರ? ಊರ ಮಾಳಗಿ ನೋಡಾಂವನ ಮನಿಗೇ ಟೇಕಾ ಬಂತು ಅಂತಾರ. ನನ್ನ ಇಜ್ಜತ್ ಏನ್ ಉಳೀತದೋ ವೈಜು?"

ಕಂಬ ಬರಲಿಲ್ಲ. ತಂದರೆ ತಿರುಗಿ ಒಯ್ಯಬೇಕಾಗುತ್ತದೆ ಎಂದು ಅಪ್ಪ ಹೇಳಿಬಿಟ್ಟ. ಅವನು ಒಂದು ಮಾತು ಆಡಿದನೆಂದರೆ ಅದು ಬಂಡೆ. ನಮ್ಮ ಮನೆಯಲ್ಲಿ ಅದರ ಮೇಲೆ ತಲೆ ಚಚ್ಚಿಕೊಳ್ಳಬಹುದಿತ್ತು, ಅದನ್ನು ಸರಿಸುವ ಹಾಗಿರಲಿಲ್ಲ. ಅದೇ ಬಂಡೆಯ ಮೇಲೆ ನಿಂತು ನಾನು ಮೇಲೆ ಬಂದೆ ಎನ್ನುವುದನ್ನೂ ಇಲ್ಲೇ ಹೇಳಬೇಕು. ನಾನು ಮೆಟ್ರಿಕ್ ಪಾಸಾದಾಗ ಗಲ್ಲಿಯ ಹಿರಿಯರು, ನೆಂಟರು, ಅವ್ವ, ಆಯಿ ಎಲ್ಲರೂ ಸಾಕು ಎಂದರು. ಅಕ್ಕನನ್ನು ಏಳನೆಯ ಇಯತ್ತೆಗೇ ಬಿಡಿಸಿ ಕೂಲಿಗೆ ಹಚ್ಚಿದ್ದರು. ಅದೇ ಅಕ್ಕ ನನ್ನ ಬಿಳಿ ಸಲ್ವಾರಕ್ಕೆ ನೀಲಿ ಹಾಕಿ ಒಗೆದು, ಇಸ್ತ್ರಿ ಇಲ್ಲದ್ದಕ್ಕೆ ಹಾಸಿಗೆಯ ಕೆಳಗೆ ಮಡಚಿಟ್ಟು ಕೊಡುತ್ತಿದ್ದಳು. ಅಪ್ಪ ಎಲ್ಲರ ಮಾತೂ ಕೇಳಿ, ಬೀಡಿ ನೆಲಕ್ಕೆ ಒತ್ತಿ, ಒಂದೇ ಮಾತು ಹೇಳಿದ್ದ.

"ಇಕಿ ಓದ್ತಾಳ. ಮುಗೀತು."

ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನು ಹೇಳುತ್ತಿರಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಮೊದಲು ಕೈಯಲ್ಲಿ ಹಿಡಿದವಳು ನಾನು. ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ. ಆದರೆ ಅದನ್ನು ನನಗೆ ಕೊಟ್ಟದ್ದು ಯಾವ ಗುಣವೋ ಅಕ್ಕನನ್ನು ನಮ್ಮಿಂದ ಕಸಿದುಕೊಂಡದ್ದೂ ಅದೇ ಗುಣ.

ಅಕ್ಕನನ್ನು ಹುಮನಾಬಾದಿಗೆ ಕೊಟ್ಟಿದ್ದೆವು. ಭಾವ ಹೆದ್ದಾರಿಯ ಬದಿಯಲ್ಲಿ ಟೈರಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು, ಒಳ್ಳೆಯ ಮನುಷ್ಯ. ಮನೆಗೆ ಮಾತ್ರ ತಗಡಿನ ಹೊದಿಕೆ, ಮಳೆ ಬಂದರೆ ಮಾತು ಕೇಳಿಸದಷ್ಟು ಸದ್ದು. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ನಮ್ಮ ಕಡೆಯ ಪದ್ಧತಿ. ಕರೆದು ತರಲು ಅಪ್ಪ, ಅವ್ವ, ನಾನು ಹೋಗಿದ್ದೆವು. ಮಾಮಾ ಅಲ್ಲಿಗೇ ಬಂದ. ಅವನು ಅಪ್ಪನನ್ನು ಅಂಗಳಕ್ಕೆ ಕರೆದೊಯ್ದು ಕೈ ಹಿಡಿದುಕೊಂಡ.

"ಭಾವಾ, ಈ ಸಲದ ಬಾಣಂತನ ನಮ್ಮ ಮನ್ಯಾಗ ಆಗ್ಲಿ. ತವರಿನ ಬಳಗನೇ ಅಲ್ಲೇನ್ರಿ ನಾನೂ? ಬಾಣಂತಿ ನೋಡ್ಕೊಳ್ಳಾಕ ನಮ್ಮಕ್ಕನೂ ಬಂದಿರ್ಲಿ. ದವಾಖಾನಿ ಹತ್ರ ಅದ, ಸ್ಲ್ಯಾಬ್ ಅದ. ನಿಮ್ಮ ತೊಲಿ ನನಗ ಬರಾಬರ್ ಕಾಣಾಂಗಿಲ್ಲ."

ಅಪ್ಪ ಕೈ ಬಿಡಿಸಿಕೊಂಡ.

"ಊರ ಮಂದಿ ಕೂಸುಗೋಳು ಮಳ್ಯಾಗ ನನ್ನ ಮನ್ಯಾಗ ಮಲಗ್ಯಾವ. ನನ್ನ ಮಗಳ ಕೂಸು ಮಂದಿ ಮನ್ಯಾಗ ಮಲಗಬೇಕೇನು?"

"ನಾ ಮಂದಿ ಏನ್ರಿ?"

ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಕ್ಕಳು.

"ಬಿಡೋ ಮಾಮಾ. ಈ ತಗಡಿನ ಕೆಳಗ ನಿದ್ದಿ ಕಂಡು ಎಷ್ಟು ದಿನ ಆಗ್ಯಾವ. ನನಗ ನಮ್ಮಪ್ಪನ ಮನ್ಯಾಗ ಬರೋ ನಿದ್ದಿ ಎಲ್ಲೀನೂ ಬರಾಂಗಿಲ್ಲ."

ಹೆಣ್ಣುಕೂಸು ಹುಟ್ಟಿತು. ದವಾಖಾನೆಯಿಂದ ಮನೆಗೆ ತಂದು, ನಡುಮನೆಯಲ್ಲಿ, ಮನೆಯಲ್ಲೇ ಅತಿ ಬೆಚ್ಚಗಿನ ಜಾಗವೆಂದು ದೊಡ್ಡ ತೊಲೆಯ ಕೆಳಗೆ ಹೊರಸು ಹಾಕಿದೆವು. ಅವ್ವ ಅಂಟಿನ ಉಂಡಿ ಕಟ್ಟಿದಳು. ಬೆಳ್ಳುಳ್ಳಿ ಹುರಿದ ವಾಸನೆ, ಲೋಬಾನದ ಹೊಗೆ, ಕೂಸಿನ ಎಣ್ಣೆಯ ವಾಸನೆ ಮನೆಯ ತುಂಬ. ಅಪ್ಪ ಕೂಲಿಯಿಂದ ಬಂದು ಕೈಕಾಲು ತೊಳೆದು ಹೊರಸಿನ ಕಾಲಿನ ಹತ್ತಿರ ಕೂತು, ಕೂಸಿನ ಅಂಗಾಲನ್ನು ತನ್ನ ಹೆಬ್ಬೆರಳಿಂದ ಮುಟ್ಟಿ, "ಇಕಿ ಮುಂದಿನ ವರ್ಷ ಮಾಳಗಿ ತುಳೀತಾಳ" ಎನ್ನುತ್ತಿದ್ದ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಇದ್ದಷ್ಟು ಸುಖವನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ.

ಶ್ರಾವಣದಲ್ಲಿ ಜಡಿಮಳೆ ಹಿಡಿಯಿತು. ಹಗಲೂ ಇರುಳೂ ಒಂದೇ ಸಮ, ಜೋರಿಲ್ಲ, ನಿಲುಗಡೆಯೂ ಇಲ್ಲ. ಮಣ್ಣು ನೀರು ಕುಡಿಯುತ್ತ ಹೋಯಿತು. ಮೊದಲು ನಡುಮನೆಯ ಬಾಗಿಲು ಮುಚ್ಚದಾಯಿತು. ಚೌಕಟ್ಟು ಹಿಡಿದುಕೊಂಡಿತ್ತು, ಅವ್ವ ಭುಜ ಕೊಟ್ಟು ನೂಕಿದರೂ ಬರಲಿಲ್ಲ. ಆಮೇಲೆ ಜಂತಿಗಳ ಸಂದಿನಿಂದ ಸಣ್ಣ ಪುಡಿ ಉದುರತೊಡಗಿತು. ಅವ್ವ ಹೊರಸಿನ ಮೇಲೆ ಹಳೆಯ ಸೀರೆಯೊಂದನ್ನು ಚಪ್ಪರದ ಹಾಗೆ ಕಟ್ಟಿದಳು. ಅಪ್ಪ ಬಂದು ಆ ಸೀರೆಯನ್ನು ನೋಡುತ್ತ ನಿಂತ. ಮರುದಿನ ಮಧ್ಯಾಹ್ನ ತೊಲೆಯ ಪಕ್ಕದಲ್ಲಿ ರೊಟ್ಟಿಯಷ್ಟಗಲ ತೇವ ಕಾಣಿಸಿತು. ನಮ್ಮ ಮನೆಯಲ್ಲಿ ನಾನು ಕಂಡ ಮೊದಲ ತೇವ ಅದು. ಅವ್ವ ಹೊರಸಿನ ತಲೆಗಡೆಯನ್ನು ಹಿಡಿದೇಬಿಟ್ಟಳು.

"ಇಕಿನ್ನ ಪಡಸಾಲಿಗಿ ತರ್ತೀನ್ರಿ. ನೀವು ಆ ಕಡಿ ಹಿಡೀರಿ."

"ಪಡಸಾಲ್ಯಾಗ ಥಂಡಿಗಾಳಿ ಬಡೀತದ. ಹಸಿ ಬಾಣಂತಿ. ನಾ ಮ್ಯಾಲ ಹೋಗಿ ನಾಕ್ ಬುಟ್ಟಿ ಹಾಕಿ ತುಳದು ಬರ್ತೀನಿ, ತಾಸಿನ್ಯಾಗ ನಿಂದರ್ತದ."

"ಇನ್ನಾ ಹಾಕ್ತೀರೇನ್ರಿ ಅದರ ಮ್ಯಾಲ!"

"ಎಲ್ಲಿ ಸೋರ್ತದೋ ಅಲ್ಲಿ ಹಾಕ್ಬೇಕು. ನನಗ ಕಲಸ್ಬ್ಯಾಡ."

ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರವಿತ್ತು. ಯಾರಾದರೂ ಬಂದು ಆ ತೇವವನ್ನು ನೋಡುವುದರೊಳಗೆ ಮುಗಿಸಬೇಕೆಂಬ ಅವಸರ. ಪಡಸಾಲೆಯ ಮೂಲೆಯಲ್ಲಿ ಗೋಣಿ ಮುಚ್ಚಿಟ್ಟ ಒಣ ಬಿಳಿಮಣ್ಣನ್ನು ನಾನು ಬುಟ್ಟಿಗೆ ತುಂಬಿ ಏಣಿಯ ಮೇಲೆ ನಿಂತು ಕೊಟ್ಟೆ, ಅವನು ಮೇಲಿನಿಂದ ಬಾಗಿ ತೆಗೆದುಕೊಂಡ. ಆಯಿ ಪಡಸಾಲೆಯಲ್ಲಿ ಅಗ್ಗಿಷ್ಟಿಕೆಯ ಪಕ್ಕ ಕಾಲು ಚಾಚಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವ್ವ ಗೊಣಗುತ್ತ ಎರೆಯುವ ನೀರು ನೋಡಲು ಬಚ್ಚಲಿಗೆ ಹೋದಳು. ಅಪ್ಪ ತುಳಿಯುವ ಸದ್ದು ನನಗೆ ಏಣಿಯವರೆಗೆ ಕೇಳುತ್ತಿತ್ತು. ಆಮೇಲೆ ಅದು ನಿಂತಿತು. ಅವನು ಬೆಳಕಿಂಡಿಗೆ ಬಗ್ಗಿರಬೇಕು.

"ಬಂತೇನ, ಕಸ್ತೂರೀ?"

"ಇಲ್ಲಪ್ಪಾ, ನಿಂತದ. ಇಳೀ ಕೆಳಗ, ತೊಯ್ಸ್ಕೋಬ್ಯಾಡ."

ತೊಲೆ ಮುರಿಯುವ ಸದ್ದು ದೊಡ್ಡದೇನಲ್ಲ. ಒಣ ಕಟ್ಟಿಗೆಯನ್ನು ಮೊಳಕಾಲಿಗೆ ಕೊಟ್ಟು ಮುರಿದ ಹಾಗೆ. ಅದರ ಹಿಂದೆ ಬಂದ ಮಣ್ಣಿನ ಸದ್ದು ದೊಡ್ಡದು. ನಾನು ಏಣಿಯ ಮೇಲೆಯೇ ಇದ್ದೆ, ನನ್ನ ಕಣ್ಣ ಮುಂದೆಯೇ ಅಪ್ಪ ಸೊಂಟದ ಮಟ, ಎದೆಯ ಮಟ ಇಳಿದು ಕಾಣದಾದ. ಪಡಸಾಲೆ ಹಾಗೆಯೇ ನಿಂತಿತ್ತು, ಆಯಿಯ ಕಾಲ ಮೇಲೆ ಕೂಸು ಹಾಗೆಯೇ ಇತ್ತು. ನಡುಮನೆ ಇರಲಿಲ್ಲ. ಗಲ್ಲಿಯವರೆಲ್ಲ ಓಡಿಬಂದರು. ಅಪ್ಪ ಮಣ್ಣಿನ ಮೇಲ್ಭಾಗದಲ್ಲೇ ಇದ್ದ, ಕಾಲು ಮುರಿದಿತ್ತು. ಅವನನ್ನು ಎಳೆದು ಪಕ್ಕಕ್ಕೆ ಹಾಕಿದರೂ ತೆವಳಿ ಬಂದು ಎರಡೂ ಕೈಯಿಂದ ಅಗೆದ. ಸಲಿಕೆ ಹಾಕಬೇಡಿರಿ, ಅವಳಿಗೆ ತಾಗುತ್ತದೆ ಎಂದು ಕೂಗುತ್ತಿದ್ದ. ಮೇಲೆ ಮೆತ್ತಗಿದ್ದ ಮಣ್ಣು ಕೆಳಕೆಳಗೆ ಹೋದಂತೆ ಕಲ್ಲಿನ ಹಾಗಿತ್ತು. ಅಷ್ಟು ವರ್ಷ, ಅಷ್ಟು ಚೆನ್ನಾಗಿ ತುಳಿದಿದ್ದೆವು ನಾವು. ಅಕ್ಕನ ಮುಖ ಸಿಕ್ಕಾಗ ಅವಳು ಹೋಗಿ ಬಹಳ ಹೊತ್ತಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಜನ ಪಡಸಾಲೆಯಲ್ಲಿ, ಅಂಗಳದಲ್ಲಿ ಕೂತರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಅಪ್ಪ ಕಂಬಕ್ಕೆ ಒರಗಿದ್ದ. ಎಲ್ಲರೂ ಒಳ್ಳೆಯ ಮನಸ್ಸಿನಿಂದ ಅವನಿಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಡುತ್ತಿದ್ದರು. ಒಬ್ಬರು ದೈವ ಎಂದರು, ಒಬ್ಬರು ಕಾಲ ಎಂದರು. ಪಕ್ಕದ ಮನೆಯ ಮುದುಕರು ಅವನ ಬೆನ್ನ ಮೇಲೆ ಕೈ ಇಟ್ಟರು.

"ನೀ ಏನ್ ಮಾಡ್ತಿ ಘಾಳೆಪ್ಪ? ಹಾಳ ಮಳಿ ಕೊಂದ್ತು ಹುಡುಗೀನ."

ಅಪ್ಪ ತಲೆ ಎತ್ತಿದ.

"ಮಳಿ ಎಲ್ಲಾರ ಮನಿ ಮ್ಯಾಲೂ ಬಿತ್ತು ಕಾಕಾ. ಸೋರೋ ಮನಿ ಒಂದೂ ಬೀಳಲಿಲ್ಲ. ಮಳಿ ಕೊಲ್ಲಲಿಲ್ಲ. ನಾ ಹೊರಿಸಿದ ಮಣ್ಣು ಕೊಂದ್ತು. ಗೊತ್ತಿದ್ದೇ ಹೊರಿಸೀನಿ."

ಮಾಮಾ ಹುಮನಾಬಾದಿನಿಂದ ಬಂದು ಎದುರಿಗೆ ಕೂತಿದ್ದ. ಅಪ್ಪ ಅವನ ಕಡೆ ತಿರುಗಿದ.

"ಬೈಯಿ ವೈಜು. ನೀ ಒಬ್ಬಾಂವ ಬೈಯಬಹುದು ನನಗ."

ಮಾಮಾ ಬೈಯಲಿಲ್ಲ. ಬೀಡಿ ಹಚ್ಚಿ ಅಪ್ಪನ ಬೆರಳಿನ ನಡುವೆ ಇಟ್ಟ. ಅಪ್ಪ ಅದನ್ನು ಸೇದಲಿಲ್ಲ, ಅದು ಬೆರಳು ಸುಡುವತನಕ ಹಿಡಿದೇ ಇದ್ದ, ಮಾಮಾನೇ ಕಿತ್ತು ಎಸೆದ.

ಕೂಸಿನ ಮಾತು ಬಂತು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಎಲ್ಲರ ಕಣ್ಣೂ ತಂಗಿಯ ಕಡೆಗೇ ತಿರುಗುತ್ತವೆ. ಅಕ್ಕನ ಕೂಸಿಗೆ ಅವಳೇ ತಾಯಿ, ಅಕ್ಕನ ಗಂಡನಿಗೆ ಅವಳೇ ಹೆಂಡತಿ. ಬೀಗರು ಇದನ್ನು ಬಹಳ ನಯವಾಗಿಯೇ ಕೇಳಿದರು. ಹಿರಿಯರು ಹೌದೆಂದರು. ಮಾಮಾನೂ ಹೌದೆಂದ. ನಾನು ಆಗ ಪಿಯುಸಿ ಎರಡನೆಯ ವರ್ಷ. ಕೂಸು ನನ್ನ ಮಡಿಲಲ್ಲೇ ಇತ್ತು, ನನ್ನ ಬೆರಳನ್ನು ಹಿಡಿದುಕೊಂಡಿತ್ತು. ಯಾರಾದರೂ ನನ್ನನ್ನು ಕೇಳಿದ್ದರೆ ಹೂಂ ಎನ್ನುತ್ತಿದ್ದೆನೋ ಏನೋ, ಆದರೆ ಕೇಳುವವರು ಅಪ್ಪನನ್ನೇ ಕೇಳಿದರು. ಇನ್ನು ಮೇಲೆ ಅವನು ಎಂದೂ ಗಟ್ಟಿಯಾಗಿ ಮಾತಾಡಲಾರ ಎಂದು ನಾನು ತಿಳಿದಿದ್ದೆ.

"ಇಕಿ ಓದ್ತಾಳ" ಎಂದ ಅಪ್ಪ.

ಅವ್ವ ಅಷ್ಟು ದಿನವೂ ಅವನಿಗೆ ಒಂದು ಮಾತೂ ಅಂದಿರಲಿಲ್ಲ. ಆಗ ಎದ್ದು ನಿಂತಳು.

"ಒಂದು ಮಗಳ್ನ ನಿಮ್ಮ ಜಿದ್ದಿಗಿ ಕೊಟ್ಟೆ. ಈಗ ಮಮ್ಮಗಳ್ನೂ ಕೊಡ್ಲೇನ್ರಿ?"

ಅಪ್ಪ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೀಗರು ಕೂಸನ್ನು ಎತ್ತಿಕೊಂಡು ಹೋದರು. ಆಮೇಲೆ ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತಿತು. ಭಾವ ಬೇರೆ ಮದುವೆಯಾದರು. ಅಕ್ಕನ ಮಗಳು ಹುಮನಾಬಾದಿನಲ್ಲೇ ಬೆಳೆದಳು. ನಾನು ಅದೇ ಊರಿನ ಕಾಲೇಜಿಗೆ ಪಾಠ ಹೇಳಲು ಬಂದು ಬಹಳ ವರ್ಷಗಳಾದವು, ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎದುರಾಗುತ್ತಾಳೆ. ಥೇಟ್ ಅಕ್ಕನ ಗಲ್ಲ. ಚಿಗವ್ವ ಎನ್ನುವುದಿಲ್ಲ, "ನಮಸ್ಕಾರ ಮೇಡಂ" ಎನ್ನುತ್ತಾಳೆ. ನಾನೂ ನಮಸ್ಕಾರ ಎನ್ನುತ್ತೇನೆ.

ಅಪ್ಪ ಮತ್ತೆ ಮಾಳಿಗೆ ಹತ್ತಲಿಲ್ಲ. ಕಾಲು ಕೂಡಿಕೊಂಡ ಮೇಲೆ ಕುಂಟುತ್ತ ಕಂಡವರ ಮನೆ ಮುಂದೆ ನಿಂತು, ಕತ್ತು ಎತ್ತಿ ನೋಡಿ, "ಹಳೀ ಮಣ್ಣ ತೆಗೀರಿ, ಭಾರ ಆಗ್ಯಾದ" ಎನ್ನುತ್ತಿದ್ದ. ಮೊದಮೊದಲು ಜನ ಮರುಗಿದರು. ಆಮೇಲೆ ಅವನು ಬಂದು ನಿಂತರೆ ಅಪಶಕುನವೆಂದು ಬಾಗಿಲು ಮುಂದೆ ಮಾಡಿಕೊಂಡರು. ಊರಿನ ಮಾಳಿಗೆಗಳನ್ನೆಲ್ಲ ಬಲ್ಲ ಮನುಷ್ಯ ಹೀಗೆ ಊರಿನ ಅಂಗಳಗಳನ್ನೂ ಕಳೆದುಕೊಂಡ. ಆದರೆ ನನ್ನ ಫೀಸಿನ ದಿನ, ಪರೀಕ್ಷೆಯ ದಿನ, ಕಲಬುರಗಿಗೆ ಎಂಎ ಮಾಡಲು ಹೋದ ದಿನ, ಬಸ್ಸಿನ ಕಿಟಕಿಯ ಕೆಳಗೆ ಅವನೇ ನಿಂತಿರುತ್ತಿದ್ದ. ಅವ್ವ ಬಂದದ್ದಿಲ್ಲ. ಅವಳು ನನಗೆ ಬುತ್ತಿ ಕಟ್ಟಿ ಕೊಡುತ್ತಿದ್ದಳು, ಅಪ್ಪನಿಗೆ ತಾಟು ಹಚ್ಚುತ್ತಿದ್ದಳು, ತಾನು ಸಾಯುವತನಕ ಅವನ ಜೊತೆ ಬೇಕಾದಷ್ಟೇ ಮಾತಾಡಿದಳು.

ಅವ್ವ ಹೋದ ಮೇಲೆ ಅಪ್ಪನನ್ನು ನಾನು ಹುಮನಾಬಾದಿಗೆ ಕರೆತಂದೆ. ಒಂದು ಸಂಜೆ ಅವನು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದ, ನಾನು ಮರುದಿನದ ಪಾಠ ಓದಿಕೊಳ್ಳುತ್ತಿದ್ದೆ. ಹಳೆಯ ನಾಟಕಗಳ ದುರಂತ ನಾಯಕನ ಪಾಠ. ಅಪ್ಪ ಕನ್ನಡಕದ ಮೇಲಿಂದ ನೋಡಿದ.

"ಏನ್ ಓದಾಕತ್ತೀದಿ ಇಷ್ಟ್ ಹೊತ್ತು? ಜರಾ ನಮಗೂ ಹೇಳು."

ಬೇಡ ಎನಿಸಿತು. ಆದರೆ ನನ್ನನ್ನು ಓದಿಸಿದವನು ಏನು ಓದುತ್ತೀ ಎಂದು ಕೇಳಿದ್ದು ಅದೇ ಮೊದಲು. ಹೇಳಿದೆ.

"ಒಬ್ಬ ದೊಡ್ಡ ಮನಷ್ಯಾ ಇರ್ತಾನಪ್ಪಾ. ಕೆಟ್ಟಾಂವಲ್ಲ. ಎಲ್ಲಾರಿಗಿಂತ ಛಲೋ ಇರ್ತಾನ. ಅವನ್ಯಾಗ ಒಂದು ಗುಣ ಇರ್ತದ. ಅದರಿಂದೇ ಅಂವ ದೊಡ್ಡಾಂವ ಆಗಿರ್ತಾನ, ಅದರಿಂದೇ ಬೀಳ್ತಾನ. ಮಂದಿ ಹೇಳ್ತಾರ, ಕೇಳಾಂಗಿಲ್ಲ. ತನ್ನವರ್ನೂ ಕಳ್ಕೋತಾನ. ಕಡೀಕ ತನ್ನ ಕೈಯಿಂದೇ ಆಯ್ತಂತ ಅವನಿಗೇ ತಿಳೀತದ."

ಅಪ್ಪನ ಬೆರಳು ಮೊರದ ಮೇಲೆ ನಿಂತಿತು.

"ತಿಳದ ಮ್ಯಾಲ?"

"ತಿಳದ ಮ್ಯಾಲ ನಾಟಕ ಮುಗೀತದಪ್ಪಾ. ಪರದೆ ಬೀಳ್ತದ."

"ಅಂದ್ರ ಮರುದಿನ ಇರಾಂಗಿಲ್ಲೇನು ಅವನಿಗಿ?"

"ಇರಾಂಗಿಲ್ಲ."

ಅಪ್ಪ ಒಂದು ಹರಳನ್ನು ಹುಡುಕಿ ತೆಗೆದು, ಬೆಳಕಿಗೆ ಹಿಡಿದು ನೋಡಿ, ಪಕ್ಕಕ್ಕಿಟ್ಟ.

"ನಸೀಬದಾಂವ" ಎಂದ.